ಹನ್ನೊಂದು ಗೆಣ್ಣಿನ ಕೈ

ಅವರ ಬಲಗೈಯ ಕಿರುಬೆರಳಿಗೆ ತುದಿ ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ಒಳಗೆ ಮಡಚಿಕೊಂಡು, ಚೀಲದ ಬಾಯಿ ಹೊಲಿದ ಹಾಗೆ ಒಂದು ಸಣ್ಣ ಗಂಟು ಇತ್ತು. ಬೇರೆ ಯಾರಾದರೂ ಆಗಿದ್ದರೆ ಆ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರೇನೋ. ಇವರು ಮಾತ್ರ ದಿನಕ್ಕೆ ನೂರು ಸಲ ಅದನ್ನು ಎಲ್ಲರ ಕಣ್ಣಿಗೂ ಬೀಳಿಸುತ್ತಿದ್ದರು. ಯಾಕೆಂದರೆ ಅವರ ಹೆಬ್ಬೆರಳು ಸದಾ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ನಡೆಯುತ್ತಲೇ ಇರುತ್ತಿತ್ತು. ತೋರುಬೆರಳಿನ ಮೂರು, ನಡುಬೆರಳಿನ ಮೂರು, ಉಂಗುರದ ಬೆರಳಿನ ಮೂರು, ಕಿರುಬೆರಳಿನ ಎರಡು. ಅಲ್ಲಿಗೆ ಹನ್ನೊಂದು. ಕೊನೆಗೆ ಆ ಗಂಟಿನ ಮೇಲೆ ಒಂದು ಕ್ಷಣ ಕೂತು, ಹೆಬ್ಬೆರಳು ಮತ್ತೆ ಮೊದಲಿನಿಂದ ಹೊರಡುತ್ತಿತ್ತು.

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅವರು ಸೆಟ್ಟರ್ ಆಗಿದ್ದರು. ಕಂಪ್ಯೂಟರ್ ಕೂರಿಸಿದ ಲೇಥ್ ಯಂತ್ರಗಳು ಅಲ್ಲಿ ಮೂರು ಇದ್ದವು. ಯಾವ ಹತಾರ ಹಾಕಬೇಕು, ಕಬ್ಬಿಣದ ತುಂಡನ್ನು ಹೇಗೆ ಹಿಡಿಸಬೇಕು, ಯಂತ್ರಕ್ಕೆ ಕೊಡುವ ಕೋಡ್ ಸರಿಯಾಗಿದೆಯೇ ಎಂದು ನೋಡಿ, ಎಲ್ಲ ಹೊಂದಿಸಿದ ಮೇಲೆ ಆಪರೇಟರ್ ಕೈಗೆ ಒಪ್ಪಿಸುವುದು ಅವರ ಕೆಲಸ. ನಾವೆಲ್ಲ ಅವರನ್ನು ಸೆಟ್ಟರ್ ಅಣ್ಣ ಎನ್ನುತ್ತಿದ್ದೆವು. ಬಾಗಲಕೋಟೆ ಕಡೆಯವರು. ಪೀಣ್ಯಕ್ಕೆ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ಅವರ ಮಾತು ಒಂದಿಂಚೂ ತುಮಕೂರು ರಸ್ತೆಗೆ ಇಳಿದಿರಲಿಲ್ಲ.

ಡಿಪ್ಲೊಮಾ ಮುಗಿಸಿ ಕೋಡ್ ಬರೆಯುವ ಕೆಲಸಕ್ಕೆ ನಾನು ಅಲ್ಲಿಗೆ ಸೇರಿದಾಗ ನನಗೆ ಇಪ್ಪತ್ತೆರಡು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಜಾಲಹಳ್ಳಿ ಕಡೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಯಂತ್ರದ ಸದ್ದು ಕೇಳಿಯೇ ದೊಡ್ಡವಳಾದೆ ಎಂಬ ಗರ್ವ ಬೇರೆ. ಕಾಲೇಜಿನಲ್ಲಿ ಎಲ್ಲರಿಗಿಂತ ಚಿಕ್ಕದಾದ, ಚೊಕ್ಕಟವಾದ ಕೋಡ್ ಬರೆಯುತ್ತಿದ್ದವಳೆಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಆ ಮೆಚ್ಚುಗೆ ಮೊದಲ ವಾರವೇ ಸ್ವಲ್ಪ ಇಳಿಯಿತು.

ಒಂದು ಶಾಫ್ಟಿನ ಸುತ್ತ ಐದು ತೋಡು ಕೊರೆಯುವ ಕೋಡ್ ಬರೆದು ಅವರ ಮುಂದಿಟ್ಟಿದ್ದೆ. ಅವರು ಕನ್ನಡಕ ಏರಿಸಿ, ಹಾಳೆಯನ್ನು ದೂರ ಹಿಡಿದು, ಜೋರಾಗಿ ಓದತೊಡಗಿದರು. ಅಂಕಿ ಅಕ್ಷರಗಳನ್ನಲ್ಲ, ಅವುಗಳ ಅರ್ಥವನ್ನು.

“ಒಳಗ, ಹೊರಗ, ಮುಂದ. ಒಳಗ, ಹೊರಗ, ಮುಂದ. ಒಳಗ, ಹೊರಗ, ಮುಂದ. ಒಳಗ, ಮುಂದ...”

ನಿಲ್ಲಿಸಿ ನನ್ನ ಮುಖ ನೋಡಿದರು.

“ಉಸಿರು ತಪ್ಪಿತಲ್ಲ ತಂಗಿ?”

ನಾಲ್ಕನೇ ತೋಡಿನಲ್ಲಿ ಹತಾರವನ್ನು ಹೊರಗೆ ಎಳೆಯುವ ಸಾಲನ್ನೇ ನಾನು ಬಿಟ್ಟಿದ್ದೆ. ಕಬ್ಬಿಣದೊಳಗೆ ಸಿಕ್ಕಿಕೊಂಡೇ ಅದು ಪಕ್ಕಕ್ಕೆ ಓಡಿ ಚೂರಾಗುತ್ತಿತ್ತು. ಎರಡು ಗಂಟೆ ಪರದೆ ದಿಟ್ಟಿಸಿದ ನನ್ನ ಕಣ್ಣಿಗೆ ಬೀಳದ್ದು ಅವರ ಕಿವಿಗೆ ಅರ್ಧ ನಿಮಿಷದಲ್ಲಿ ಬಿದ್ದಿತ್ತು.

“ಕಣ್ಣಿಗೆ ಮೋಸ ಮಾಡಬಹುದು, ನಾಲಿಗೀಗೆ ಆಗಂಗಿಲ್ಲ. ಬರದದ್ದನ್ನ ಒಮ್ಮಿ ಅಂದು ನೋಡು,” ಎಂದರು. ಅವತ್ತಿನಿಂದ ನಾನು ಕೋಡನ್ನು ಬಾಯಿಬಿಟ್ಟು ಓದುತ್ತೇನೆ. ಹೊಸಬರು ನಗುತ್ತಾರೆ, ನಗಲಿ.

ಕೆಲಸದ ವೇಳೆ ರೇಡಿಯೊ ಹಾಕಲು ಬಿಡುತ್ತಿರಲಿಲ್ಲ, ಹತಾರದ ಸದ್ದು ಕೇಳಿಸಬೇಕು ಎಂಬುದು ಅವರ ಹಟ. ಹಾಗೆಂದು ಶೆಡ್ಡಿನಲ್ಲಿ ಹಾಡಿರಲಿಲ್ಲ ಎಂದಲ್ಲ. ಹಾಡುತ್ತಿದ್ದವರು ಅವರೇ. ಒಳ್ಳೆಯ ಕೆಲಸಕ್ಕೆ ಅವರ ಹೊಗಳಿಕೆ ಒಂದೇ, “ಬಿಗಿ ಐತಿ.” ಕಬ್ಬಿಣವನ್ನು ಕಚ್ಚಿಹಿಡಿದು ತಿರುಗಿಸುವ ಚಕ್ಕಿನಲ್ಲಿ ಹಿಡಿಸಿದ ತುಂಡಿಗೂ ಅದೇ ಮಾತು, ಹಾಡಿನ ಸಾಲಿಗೂ ಅದೇ ಮಾತು, ಮನೆಯಿಂದ ತಂದ ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳಕ್ಕೂ ಅದೇ ಮಾತು. ಚೆನ್ನಾಗಿಲ್ಲದ್ದಕ್ಕೆ ಏನೂ ಅನ್ನದೆ ಸುಮ್ಮನೆ ಮೂಗು ತಿಕ್ಕಿಕೊಳ್ಳುತ್ತಿದ್ದರು. ನನ್ನ ಮೊದಲ ತಿಂಗಳಲ್ಲಿ ಅವರ ಮೂಗು ಕೆಂಪಾಗಿಯೇ ಇತ್ತು.

ಹಳೆಯ ಕೋಡ್‌ಗಳನ್ನು ತೆರೆದು ನೋಡಿದಾಗ ನನಗೊಂದು ವಿಚಿತ್ರ ಕಂಡಿತು. ಆ ಭಾಷೆಯಲ್ಲಿ ಬ್ರಾಕೆಟ್ ಒಳಗೆ ಬರೆದದ್ದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪರದೆಯ ಮೇಲೆ ತೋರಿಸುತ್ತದೆ ಅಷ್ಟೆ. ಅದು ಮನುಷ್ಯರಿಗೆಂದು ಬಿಟ್ಟ ಜಾಗ. ಎಲ್ಲರೂ ಅಲ್ಲಿ ಹತಾರದ ಹೆಸರೋ ತಾರೀಖೋ ಬರೆಯುತ್ತಾರೆ. ಇವರು ಪದ್ಯ ಬರೆದಿದ್ದರು. ಆ ಯಂತ್ರಕ್ಕೆ ಕನ್ನಡ ಅಕ್ಷರ ಗೊತ್ತಿರಲಿಲ್ಲ, ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಆ ಅಕ್ಷರಗಳಲ್ಲೇ ಬಾಗಲಕೋಟೆಯ ಮಾತು ಸಾಲಾಗಿ ನಿಂತಿತ್ತು. ಯಂತ್ರ ನಡುವೆ ನಿಲ್ಲುವ ಕಡೆಯಲ್ಲೆಲ್ಲ ಒಂದೊಂದು ತ್ರಿಪದಿ. ಹೆರೆದು ಬಿದ್ದ ಕಬ್ಬಿಣದ ಸುರುಳಿ ತೆಗೆಯಬೇಕಾದಲ್ಲಿ ಒಂದು, ಅಳತೆ ನೋಡಬೇಕಾದಲ್ಲಿ ಇನ್ನೊಂದು, ತುಂಡನ್ನು ತಿರುಗಿಸಿ ಹಾಕಬೇಕಾದಲ್ಲಿ ಮತ್ತೊಂದು. ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತಿದ್ದುದು ಇದು:

ತಿರುಗೂದು ನಿಂತಿಲ್ಲೊ ತಡಿ ನನ್ನ ತಮ್ಮಯ್ಯ
ಉಕ್ಕೀಗೆ ಕರುಣಿ ಎಲ್ಲೈತಿ, ಹಡದವ್ವ
ರೊಟ್ಟೀಯ ಬಡಿದು ಕಾದಾಳ

“ಇದೇನಣ್ಣ, ಕೋಡ್ ಒಳಗಡೆ ಹಾಡು ಬರೆದಿದೀರಾ?” ಎಂದು ಕೇಳಿದೆ. ನನ್ನ ದನಿಯಲ್ಲಿ ನಗು ಇತ್ತು, ಅದು ಅವರಿಗೆ ಗೊತ್ತಾಗದೆ ಇರಲಿಲ್ಲ.

“ನಮ್ಮವ್ವ ಬೀಸುಕಲ್ಲಿಗೆ ಕುಂತಾಗ ಒಂದು ಪದಕ್ಕ ಒಂದು ಹಿಡಿ ಕಾಳು ಹಾಕ್ತಿದ್ಲು. ಪದ ಮುಗೀತು ಅಂದ್ರ ಕಾಳು ಮುಗೀತು. ಗಡಿಯಾರ ಇತ್ತೇನ ಆಕಿ ಹತ್ರ? ಪದಾನ ಆಕಿ ಗಡಿಯಾರ.” ಹೆಬ್ಬೆರಳು ಗೆಣ್ಣುಗಳ ಮೇಲೆ ಹೊರಟಿತ್ತು. “ಬೀಸೂ ಪದಕ್ಕ ಹನ್ನೊಂದ ಹೆಜ್ಜಿ. ಮೊದಲ್ನೇ ಸಾಲಿಗೆ ನಾಕು, ಎರಡನೇದಕ್ಕ ನಾಕು, ಕಡೀದಕ್ಕ ಮೂರು. ನಿಮಗೆಲ್ಲ ಹನ್ನೆರಡು ಗೆಣ್ಣು, ಲೆಕ್ಕ ತಪ್ಪತೈತಿ. ನನ್ನ ಕೈ ದೇವರ ಸೆಟ್ಟಿಂಗ್ ಮಾಡಿ ಬಿಟ್ಟಾನ.”

ಬೆರಳು ಹೇಗೆ ಹೋಯಿತೆಂದು ಆಗ ನಾನು ಕೇಳಲಿಲ್ಲ. ಪದಕ್ಕೂ ಯಂತ್ರಕ್ಕೂ ಏನು ಸಂಬಂಧವೆಂದೂ ಕೇಳಲಿಲ್ಲ. ವಯಸ್ಸಾದವರ ಹುಚ್ಚು ಎಂದುಕೊಂಡು ಸುಮ್ಮನಾದೆ. ಅವರಿಗಾಗ ಐವತ್ತು ಕೂಡ ಆಗಿರಲಿಲ್ಲ.

ನಾನು ಸೇರಿದ ಒಂಬತ್ತನೇ ತಿಂಗಳಿಗೆ ಒಬ್ಬ ದೊಡ್ಡ ಗಿರಾಕಿ ನಮ್ಮ ಶೆಡ್ ನೋಡಲು ಬರುವುದೆಂದಾಯಿತು. ಅವರ ಕೆಲಸದ ಕೋಡ್ ಉದ್ದ, ನಮ್ಮ ಹಳೆಯ ಯಂತ್ರಗಳ ಮೆಮೊರಿ ಚಿಕ್ಕದು. ಓನರ್ ನನ್ನನ್ನು ಕರೆದು, “ನೋಡಮ್ಮಾ, ಮೂರು ಮಿಷಿನ್ನೂ ಕ್ಲೀನ್ ಮಾಡ್ಬಿಡು. ಬೇಡದ್ದೆಲ್ಲಾ ತೆಗ್ದಾಕು. ಈ ಟ್ರಯಲ್ ಚೆನ್ನಾಗಾದ್ರೆ ನಿನ್ನ ಪರ್ಮನೆಂಟ್ ಮಾಡ್ಸೋ ಜವಾಬ್ದಾರಿ ನಂದು,” ಎಂದರು. ಸೆಟ್ಟರ್ ಅಣ್ಣ ಆ ವಾರ ತಂಗಿಯ ಮಗನ ಮದುವೆಗೆ ಊರಿಗೆ ಹೋಗಿದ್ದರು. ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಬಂದು ಕೂತೆ. ಯಂತ್ರ ಓದದ ಸಾಲು ಯಂತ್ರದಲ್ಲಿ ಯಾಕಿರಬೇಕು? ಬ್ರಾಕೆಟ್ ಸಮೇತ ಎಲ್ಲ ಪದಗಳನ್ನೂ ಅಳಿಸಿದೆ. ಪ್ರತಿ ಇಡಬೇಕೆಂದು ಕೂಡ ಅನ್ನಿಸಲಿಲ್ಲ. ಮಧ್ಯಾಹ್ನಕ್ಕೆ ಮೂರೂ ಯಂತ್ರ ಹಗುರಾಗಿದ್ದವು. ಪರೀಕ್ಷೆಗೆ ಓಡಿಸಿ ನೋಡಿದೆ, ಒಂದು ತುಂಡಿನಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಖುಷಿಯಾಗಿ ಮೆಟ್ರೊ ಹತ್ತಿ ಮನೆಗೆ ಹೋದೆ.

ಎರಡನೇ ಯಂತ್ರದ ಆಪರೇಟರ್ ಮಲ್ಲಪ್ಪ. ಯಾದಗಿರಿ ಕಡೆಯವರು, ನಲವತ್ತು ದಾಟಿದವರು. ಅಲ್ಲಿಯವರೆಗೆ ಕಟ್ಟಡದ ಕೆಲಸ ಮಾಡಿಕೊಂಡಿದ್ದು, ಆಗಷ್ಟೇ ಸೆಟ್ಟರ್ ಅಣ್ಣನ ಕೈಕೆಳಗೆ ಯಂತ್ರ ಕಲಿಯುತ್ತಿದ್ದರು. ಇಂಗ್ಲಿಷ್ ಅಕ್ಷರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಪರದೆಯ ಮೇಲೆ ನಿಲ್ಲುವ ಪದವನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾ, ಅದು ತಮ್ಮದೇ ಮಾತೆಂದು ಗೊತ್ತಾದಾಗ ನಗುತ್ತಾ, ಅಕ್ಷರವನ್ನೂ ಕೆಲಸವನ್ನೂ ಒಟ್ಟಿಗೆ ಕಲಿಯುತ್ತಿದ್ದರು.

ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಅವರ ಕೂಗು ಕೇಳಿಸಿತು. ನಾನು ಓಡಿಹೋಗುವಷ್ಟರಲ್ಲಿ ಪಕ್ಕದ ಯಂತ್ರದವರು ಅವರನ್ನು ನೆಲಕ್ಕೆ ಕೂರಿಸಿದ್ದರು. ಕೈ ಒರೆಸುವ ಬಟ್ಟೆ ಚಕ್ಕಿಗೆ ಸುತ್ತಿಕೊಂಡಿತ್ತು, ಚಕ್ ಇನ್ನೂ ಮೆಲ್ಲಗೆ ತಿರುಗುತ್ತಲೇ ಇತ್ತು. ಅಂಗೈ ಸೀಳಿತ್ತು, ಉಂಗುರದ ಬೆರಳು ಓರೆಯಾಗಿ ನಿಂತಿತ್ತು. ಹತಾರ ತಂಪಾಗಿಸುವ ಕೂಲಂಟ್ ನೀರಿನಲ್ಲಿ ರಕ್ತ ಬೆರೆತು ಹರಿಯುತ್ತಿದ್ದುದನ್ನು ನಾನು ಮರೆತಿಲ್ಲ.

ಆಸ್ಪತ್ರೆಯಲ್ಲಿ ಮೂಳೆ ಮುರಿದಿದೆ, ಬೆರಳು ಉಳಿಯುತ್ತದೆ ಎಂದರು. ನಾನು ಮಲ್ಲಪ್ಪನ ಮಂಚದ ಪಕ್ಕ ಕೂತು, ಇದ್ದ ಸಿಟ್ಟನ್ನೆಲ್ಲ ಅವರ ಮೇಲೆ ಹಾಕಿದೆ. “ಚಕ್ ತಿರುಗ್ತಾ ಇರೋದು ಕಾಣಿಸ್ಲಿಲ್ವಾ ನಿಮ್ಗೆ? ಯಾಕ್ರೀ ಕೈ ಹಾಕಿದ್ರಿ?”

“ಪದ ಬರ್ಲಿಲ್ರೀ ಅಕ್ಕಾರ,” ಎಂದರು ಮಲ್ಲಪ್ಪ. “ದಿನಾ ಪದ ಬರ್ತದ, ಓದಿ ಮುಗಸ್ತೀನಿ, ಬಾಗಿಲಾ ತಗೀತೀನಿ. ಇವತ್ತ ಖಾಲಿ ಇತ್ತು. ಕಾಯೂದೇನಿಲ್ಲ ಅಂತ ತಿಳಕೊಂಡ್ನಿ. ಸುರುಳಿ ನಡುವ ಚಕ್ ಕಾಣಂಗಿಲ್ರೀ.”

ಅಲ್ಲಿಯೇ ನನಗೆ ಎಲ್ಲ ತಿಳಿಯಿತು. ಆ ಯಂತ್ರದ ಬ್ರೇಕ್ ಸವೆದಿತ್ತು. ನಿಲ್ಲು ಎಂದ ಮೇಲೂ ಚಕ್ ಹತ್ತು ಹನ್ನೆರಡು ಸೆಕೆಂಡ್ ತಿರುಗುತ್ತಿತ್ತು. ಚಕ್ ನಿಲ್ಲುವವರೆಗೆ ಯಂತ್ರದ ಬಾಗಿಲನ್ನು ಹಿಡಿದಿಡುವ ಲಾಕ್ ಕೆಟ್ಟು ವರ್ಷವಾಗಿತ್ತು. ತ್ರಿಪದಿಯನ್ನು ಮೆಲ್ಲಗೆ, ಎರಡನೇ ಸಾಲಿನ ಕೊನೆಯನ್ನು ಎರಡು ಸಲ ಅಂದು, ಪೂರ್ತಿ ಹೇಳಿ ಮುಗಿಸಲು ಅಷ್ಟೇ ಹೊತ್ತು ಬೇಕು. ಯಂತ್ರ ಓದದ ಆ ಸಾಲುಗಳೇ ಅಲ್ಲಿ ಮನುಷ್ಯನ ಕೈಯನ್ನು ತಡೆದು ನಿಲ್ಲಿಸುತ್ತಿದ್ದವು. ನಾನು ಅವನ್ನು ಕಸವೆಂದು ಗುಡಿಸಿದ್ದೆ.

ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಓನರ್ ಆಗಲೇ ತೀರ್ಮಾನಿಸಿಬಿಟ್ಟಿದ್ದರು, ಮಲ್ಲಪ್ಪ ಎಚ್ಚರ ತಪ್ಪಿ ಕೈ ಹಾಕಿದ್ದಾನೆ, ಇಂಥವನು ನಮಗೆ ಬೇಡ ಎಂದು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮಲ್ಲಪ್ಪನ ಕೆಲಸ ಹೋಗುತ್ತಿತ್ತು, ನನ್ನದು ಪರ್ಮನೆಂಟ್ ಆಗುತ್ತಿತ್ತು. ಎರಡು ದಿನ ಮುಚ್ಚಿಕೊಂಡೇ ಇದ್ದೆ. ಸುಳ್ಳು ಹೇಳುವುದಿಲ್ಲ.

ಬುಧವಾರ ಸೆಟ್ಟರ್ ಅಣ್ಣ ಊರಿಂದ ಬಂದವರು, ಚೀಲ ಕೆಳಗಿಡದೆ ಸೀದಾ ಎರಡನೇ ಯಂತ್ರದ ಹತ್ತಿರ ಹೋದರು. ಕೋಡ್ ತೆರೆದು, ಒಂದೊಂದೇ ಪುಟ ಇಳಿಸುತ್ತಾ ಕೊನೆಯವರೆಗೂ ನೋಡಿದರು. ನಾನು ದೂರದಲ್ಲಿ ನಿಂತಿದ್ದೆ. ಮೂಗು ತಿಕ್ಕಿಕೊಳ್ಳುತ್ತಾರೇನೋ ಎಂದು ಕಾದೆ, ಅದನ್ನೂ ಮಾಡಲಿಲ್ಲ. ಅಷ್ಟರಲ್ಲಿ ಓನರ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

“ಏನ್ರೀ, ನಿಮ್ಮ ಕಡೆಯವ್ನು ಅಂತ ಸೇರಿಸ್ಕೊಂಡೆ. ಮಿಷಿನ್ ನಿಲ್ಲೋಕ್ ಮುಂಚೆ ಕೈ ಹಾಕ್ತಾನಲ್ರೀ ಅವ್ನು! ಲೆಕ್ಕ ಚುಕ್ತಾ ಮಾಡಿ ಕಳಿಸ್ತೀನಿ. ನೀವೇನಂತೀರಾ?”

ಸೆಟ್ಟರ್ ಅಣ್ಣ ಓನರ್ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ನೆಲ ನೋಡುತ್ತಾ ನಿಂತರು. ಅವರ ಬಲಗೈ ಪಕ್ಕದಲ್ಲಿ ಇಳಿಬಿದ್ದಿತ್ತು, ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣಿನ ಮೇಲಿತ್ತು. ಅದು ನಡೆಯತೊಡಗಿತು. ಒಂದು, ಎರಡು, ಮೂರು. ಅವರು ನನಗಾಗಿ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ಒಂದು ಪದ ಮುಗಿಯುವಷ್ಟು ಹೊತ್ತು ಕೊಟ್ಟಿದ್ದಾರೆ. ನಡುಬೆರಳು ಮುಗಿಯಿತು. ಓನರ್ ಮೇಜಿನ ಮೇಲೆ ಪೆನ್ನು ಬಡಿಯುತ್ತಿದ್ದರು. ಉಂಗುರದ ಬೆರಳು ಮುಗಿಯಿತು. ಹೆಬ್ಬೆರಳು ಕಿರುಬೆರಳಿಗೆ ಬಂದು, ಎರಡು ಗೆಣ್ಣು ದಾಟಿ, ಆ ಗಂಟಿನ ಮೇಲೆ ಕೂತಿತು.

“ಸಾರ್, ತಪ್ಪು ಮಲ್ಲಪ್ಪಂದಲ್ಲ, ನಂದು,” ಎಂದೆ.

ಒಮ್ಮೆ ಬಾಯಿ ಬಿಟ್ಟ ಮೇಲೆ ನನ್ನನ್ನು ಹಿಡಿಯುವವರಿಲ್ಲ. ಪದ ಅಳಿಸಿದ್ದು, ಅವು ಯಾಕಿದ್ದವು ಎಂಬುದು, ಬ್ರೇಕ್ ಸವೆದದ್ದು, ಲಾಕ್ ಕೆಟ್ಟದ್ದು, ಎಲ್ಲ ಹೇಳಿದೆ. ಬ್ರೇಕ್ ಸರಿಮಾಡಿಸದೆ ಹಾಡಿನ ಮೇಲೆ ಯಂತ್ರ ನಡೆಸುತ್ತಿರುವುದು ನಾಚಿಕೆಗೇಡು ಎಂದೂ ಹೇಳಿಬಿಟ್ಟೆ. ಓನರ್ ಮುಖ ಕೆಂಪಾಯಿತು.

“ಇವಳು ಹೇಳ್ತಿರೋದು ನಿಜಾನೇನ್ರೀ?” ಎಂದು ಸೆಟ್ಟರ್ ಅಣ್ಣನನ್ನು ಕೇಳಿದರು.

“ಹೌದ್ರಿ ಸಾಹೇಬ್ರ. ಬ್ರೇಕಿನ ಮಾತು ನಾನು ಮೂರು ಸರ್ತಿ ಹೇಳೀನಿ. ಈ ಹುಡಿಗಿ ಒಮ್ಮಿ ಹೇಳ್ಯಾಳ. ಆದ್ರ ನನಗಿಂತ ಜೋರ ಹೇಳ್ಯಾಳ.”

ಮಲ್ಲಪ್ಪನ ಕೆಲಸ ಉಳಿಯಿತು. ಬ್ರೇಕೂ ಲಾಕೂ ಹದಿನೈದು ದಿನದಲ್ಲಿ ಸರಿಯಾದವು. ನನ್ನ ಪರ್ಮನೆಂಟ್ ಮಾತು ಆ ವರ್ಷ ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ.

ಅವತ್ತು ಕೋಣೆಯಿಂದ ಹೊರಗೆ ಬಂದ ಮೇಲೆ, ಶೆಡ್ಡಿನ ಹಿಂದಿನ ಕಲ್ಲಿನ ಮೇಲೆ ಕೂತು ಅವರು ತಮ್ಮ ಬೆರಳಿನ ಕತೆ ಹೇಳಿದರು. ಊರಿಂದ ಬಂದ ಮೊದಲ ವರ್ಷ, ಬೇರೊಂದು ಶೆಡ್ಡು, ನಿಲ್ಲದ ಚಕ್. ಅಷ್ಟೇ.

“ಅಲ್ಲಣ್ಣ, ನಿಲ್ಲು ಅಂದ ಮೇಲೆ ಹನ್ನೆರಡು ಸೆಕೆಂಡ್ ಕಾಯಿ ಅಂತ ಕೋಡಲ್ಲೇ ಬರೀಬಹುದಿತ್ತಲ್ವಾ? ಅದಕ್ಕೊಂದು ಸಾಲಿದೆ,” ಎಂದೆ. ಇನ್ನೂ ನನ್ನ ಜಾಣತನ ಪೂರ್ತಿ ಇಳಿದಿರಲಿಲ್ಲ.

“ಬರದ್ರ ಯಂತ್ರ ಕಾಯ್ತೈತಿ. ಮನಷ್ಯಾಗ ಕಾಯಾಕ ಹೇಳಾವ್ರು ಯಾರು? ಆಂವ ಬಾಗಿಲಾ ತಗದ ಬಿಡ್ತಾನ. ಅಪಾಯ ಅಂತ ಕೆಂಪು ಅಕ್ಷರದಾಗ ಬರದು ಅಂಟಿಸಿದ್ರು, ಎರಡ ದಿನಕ್ಕ ಯಾರ ಕಣ್ಣಿಗೂ ಬೀಳಲಿಲ್ಲ. ಹಾಡು ಅಂದ್ರ ಹಂಗಲ್ಲ ತಂಗಿ, ಸುರು ಮಾಡಿದ್ರ ಮುಗಸಾಕ ಬೇಕು ಅನಸ್ತೈತಿ. ನಡುವ ಬಿಟ್ರ ಬಾಯಿ ಕಡೀತೈತಿ.”

ಕಾಲೇಜಿನಲ್ಲಿ ಮೂರು ವರ್ಷ ಕೋಡ್ ಕಲಿತಿದ್ದೆ. ಅದನ್ನು ಓದುವವರು ಇಬ್ಬರಿರುತ್ತಾರೆ, ಒಬ್ಬನಿಗೆ ಮೈ ಇರುತ್ತದೆ ಎಂದು ನನಗೆ ತಿಳಿದದ್ದು ಆ ಕಲ್ಲಿನ ಮೇಲೆ.

ಅಳಿಸಿದ ಪದಗಳನ್ನು ಅವರು ಹೇಳಿಕೊಡುತ್ತಾರೆಂದು ನಾನು ನೋಟ್‌ಬುಕ್ ತೆರೆದು ಕೂತರೆ, ಅವರು ಒಪ್ಪಲಿಲ್ಲ. “ಅಳಿಸಿದಾಕಿ ಬರೀಬೇಕು. ಹೊಸಾವು ಬರಿ.” ತಡಿ ತಮ್ಮಯ್ಯನ ಪದವೊಂದನ್ನು ಮಾತ್ರ ಇದ್ದಂತೆಯೇ ವಾಪಸು ಹಾಕಿದರು. ಉಳಿದದ್ದು ನನ್ನ ಪಾಲಿಗೆ. ನನ್ನ ಮೊದಲ ತ್ರಿಪದಿಯಲ್ಲಿ ‘ಆದ್ದರಿಂದ’ ಎಂಬ ಮಾತಿತ್ತು, ‘ದಯವಿಟ್ಟು’ ಎಂಬುದೂ ಇತ್ತು. ಅವರು ಓದಿ, ಬಹಳ ಹೊತ್ತು ಮೂಗು ತಿಕ್ಕಿ, “ಇದು ಪದ ಅಲ್ಲ ತಂಗಿ, ನೋಟಿಸು,” ಎಂದರು. ಮಲ್ಲಪ್ಪ ಕೈಗೆ ಪಟ್ಟಿ ಕಟ್ಟಿಕೊಂಡೇ ನಕ್ಕರು. ಸೆಟ್ಟರ್ ಅಣ್ಣ ಹದಿನಾಲ್ಕು ಸಲ ತಿದ್ದಿಸಿದರು. ಗೆಣ್ಣೆಣಿಸುವುದನ್ನು, ಸಾಲಿನ ಭಾರ ಎಲ್ಲಿ ಇಳಿಯುತ್ತದೆ ಎಂದು ಕಿವಿಗೊಡುವುದನ್ನು ಕಲಿಸಿದರು. ಸುರುಳಿ ತೆಗೆಯುವ ಕಡೆಗೆ ನಾನು ಬರೆದದ್ದನ್ನು ಮಲ್ಲಪ್ಪ ಯಂತ್ರದ ಮುಂದೆ ನಿಂತು ಹಾಡಿದ ದಿನ, ಸೆಟ್ಟರ್ ಅಣ್ಣ ಬೆನ್ನು ತಿರುಗಿಸಿಕೊಂಡು ಹತಾರ ಒರೆಸುತ್ತಾ ಎರಡೇ ಮಾತು ಹೇಳಿದರು. “ಬಿಗಿ ಐತಿ.” ನನಗೆ ಆಮೇಲೆ ಸಂಬಳ ಹೆಚ್ಚಿದೆ, ದೊಡ್ಡ ಹುದ್ದೆ ಬಂದಿದೆ. ಅಷ್ಟು ಸಂತೋಷ ಮತ್ತೆ ಆಗಿಲ್ಲ.

ಅವರು ಹೋಗಿ ಆರು ವರ್ಷವಾಯಿತು. ಎದೆನೋವೆಂದು ಬೆಳಿಗ್ಗೆ ಆಸ್ಪತ್ರೆಗೆ ಸೇರಿದವರು ಸಂಜೆಗೆ ಇರಲಿಲ್ಲ. ಮರುದಿನ ಸುದ್ದಿ ಹೇಳಿ ಓನರ್ ಅವತ್ತಿನ ಮಟ್ಟಿಗೆ ಶೆಡ್ ಮುಚ್ಚಿ ಎಂದರು. ಕಣ್ಣು ಒರೆಸಿಕೊಂಡೇ ಹೇಳಿದರು, ಅದನ್ನೂ ಬರೆಯಬೇಕು. ಮೂರೂ ಯಂತ್ರಗಳನ್ನು ನಿಲ್ಲಿಸಿದೆವು. ಹೊಸ ಬ್ರೇಕಿಗೆ ಚಕ್ ಎರಡೇ ಸೆಕೆಂಡಿನಲ್ಲಿ ನಿಂತಿತು. ಆದರೂ ಮಲ್ಲಪ್ಪ ಕದಲಲಿಲ್ಲ, ಪರದೆಯ ಮೇಲಿದ್ದ ಪದವನ್ನು ತುಟಿಯಲ್ಲೇ ಪೂರ್ತಿ ಹೇಳಿ ಮುಗಿಸಿದರು. ಆಮೇಲೆ ಬಾಗಿಲು ತೆಗೆದು ತುಂಡನ್ನು ಎತ್ತಿಟ್ಟರು. ಓರೆಯಾಗಿ ಕೂಡಿಕೊಂಡ ಬೆರಳು, ಆದರೆ ಇಡೀ ಬೆರಳು.

ಈಗ ಆ ಶೆಡ್ಡಿನ ಸೆಟ್ಟರ್ ಮಲ್ಲಪ್ಪ. ಕೋಡ್ ವಿಭಾಗ ನನ್ನದು. ಯಂತ್ರಗಳು ಹೊಸವು, ಚಕ್ ನಿಲ್ಲದೆ ಬಾಗಿಲು ತೆರೆಯುವುದೇ ಇಲ್ಲ, ಮೆಮೊರಿಗೆ ಬರವಿಲ್ಲ. ತಪಾಸಣೆಗೆ ಬಂದವರು ಬ್ರಾಕೆಟ್ ಒಳಗಿನ ಸಾಲು ನೋಡಿ, ಮೇಡಂ, ಇದೇನು ಎನ್ನುತ್ತಾರೆ. ಇದು ಕೈಗೆ ಬರೆದ ಕೋಡ್ ಎನ್ನುತ್ತೇನೆ. ತೆಗೆಯಬಹುದಲ್ಲ ಎಂದು ಯಾರಾದರೂ ಹೇಳಿದರೆ, ಒಮ್ಮೆ ತೆಗೆದು ನೋಡಿದ್ದೇನೆ ಎಂದು ಮಲ್ಲಪ್ಪನನ್ನು ಕರೆದು ಕೈ ತೋರಿಸಲು ಹೇಳುತ್ತೇನೆ. ಆಮೇಲೆ ಅವರು ಆ ಮಾತೆತ್ತುವುದಿಲ್ಲ.

ಹೊಸ ಕೆಲಸ ಬಂದಾಗ ಹೊಸ ಪದ ಬೇಕಾಗುತ್ತದೆ. ಹೆಬ್ಬೆರಳಿಟ್ಟು ಎಣಿಸುತ್ತಾ ಕೂರುತ್ತೇನೆ. ನಾಲ್ಕು, ನಾಲ್ಕು, ಮೂರು. ಪದ ಮುಗಿದಾಗ ಹೆಬ್ಬೆರಳು ಕಿರುಬೆರಳಿನ ಎರಡನೇ ಗೆಣ್ಣಿನ ಮೇಲಿರುತ್ತದೆ. ಅದರಾಚೆ ಇನ್ನೊಂದು ಗೆಣ್ಣು ಉಳಿದಿರುತ್ತದೆ, ಉಗುರಿನ ಸಮೇತ, ಗಾಯವಿಲ್ಲದೆ. ಅದನ್ನು ನಾನು ಎಣಿಸುವುದಿಲ್ಲ.